ಬರ್ಮಿಂಗ್‌ಹ್ಯಾಮ್‌ನಲ್ಲಿ ಅತ್ತೆ ಮಾವನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ? (ದಯವಿಟ್ಟು ಲಂಡನ್ ಅನ್ಬೇಡಿ)

ದಾವಣಗೆರೆ_ಸೊಸೆ
ಎಲ್ರಿಗೂ ನಮಸ್ಕಾರ. ಅತ್ತೆ ಮಾವ ಮುಂದಿನ ವಾರ ಊರಿಂದ ಬರ್ತಿದಾರೆ, ಒಂದೂವರೆ ತಿಂಗಳು ಇರ್ತಾರೆ. ನಾವಿರೋದು ಸೆಲ್ಲಿ ಓಕ್‌ನಲ್ಲಿ. ಇರೋದೊಂದು ಕಾರು, ಅದು ಬೆಳಗ್ಗೆ ಯಜಮಾನ್ರ ಜೊತೆ ಹೋದ್ರೆ ಬರೋದು ಸಂಜೆಗೇ. ಹಾಗಾಗಿ ರೈಲು, ಬಸ್ಸು ಅಷ್ಟೇ ಗತಿ.

ಮಾವ ಹೈಸ್ಕೂಲಲ್ಲಿ ಇತಿಹಾಸದ ಮೇಷ್ಟ್ರಾಗಿ ರಿಟೈರ್ ಆದೋರು. ಬೋರ್ಡ್ ಕಂಡ್ರೆ ನಿಂತು ಕೊನೇ ಸಾಲಿನ ತನಕ ಓದ್ದೆ ಮುಂದಕ್ಕೆ ಹೆಜ್ಜೆ ಇಡಲ್ಲ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಆಗಲ್ಲ. ಇಬ್ರೂ ಮೊಟ್ಟೆ ಹಾಕಿದ ಕೇಕೂ ಮುಟ್ಟಲ್ಲ. ನಮ್ಮೆಜಮಾನ್ರು "ಈ ಊರಲ್ಲಿ ಏನಿದೆ ಮಣ್ಣು, ಲಂಡನ್ ತೋರ್ಸಿದ್ರೆ ಮುಗೀತು" ಅಂತಾರೆ. ಲಂಡನ್ನಿಗೆ ಒಂದು ವೀಕೆಂಡ್ ಹೇಗೂ ಹೋಗ್ತೀವಿ. ಉಳಿದ ದಿನ ಇಬ್ರೂ ಟೀವಿ ಮುಂದೆ ಕೂತ್ಕೊಂಡು ಧಾರಾವಾಹಿ ನೋಡೋ ಹಾಗಾಗ್ಬಾರ್ದು. ಸಲಹೆ ಕೊಡಿ.

ಬ್ರಮ್_ಬಸಣ್ಣ
ಅಕ್ಕಾರ, ಮೊದ್ಲು ನಿಮ್ಮ ಯಜಮಾನ್ರನ್ನ ಊರಿನ ಮ್ಯೂಸಿಯಂಗೆ ಕರ್ಕೊಂಡು ಹೋಗ್ರಿ, ಅತ್ತಿ ಮಾವ ಆಮ್ಯಾಗ. ಚೇಂಬರ್ಲೇನ್ ಸ್ಕ್ವೇರ್‌ನಾಗ ಬರ್ಮಿಂಗ್‌ಹ್ಯಾಮ್ ಮ್ಯೂಸಿಯಂ ಐತಲ್ರಿ, ರೊಕ್ಕ ಇಲ್ಲ. ಸುಲ್ತಾನ್‌ಗಂಜ್ ಬುದ್ಧ ಅಂತ ತಾಮ್ರದ ಮೂರ್ತಿ ಅವರ ಸಂಗ್ರಹದಾಗ ಐತಿ. ಎರಡು ಮೀಟರ್‌ಗಿಂತ ಎತ್ತರ, ಅರ್ಧ ಟನ್ ತೂಕ. 1860ರ ಆಸುಪಾಸು ಬಿಹಾರದಾಗ ರೈಲು ಹಾದಿ ಹಾಕೂ ಮುಂದ ನೆಲದಾಗ ಸಿಕ್ಕಿದ್ದು. ಬರ್ಮಿಂಗ್‌ಹ್ಯಾಮ್‌ನ ಒಬ್ಬ ಕಬ್ಬಿಣದ ವ್ಯಾಪಾರಿ, ಸ್ಯಾಮ್ಯುಯೆಲ್ ಥಾರ್ನ್‌ಟನ್ ಅಂತ, 200 ಪೌಂಡ್ ಕೊಟ್ಟು ತರಿಸಿ ಊರಿಗೆ ಕೊಟ್ಟ. ಬಲಗೈ ಅಭಯ ಹಸ್ತ, ಮೈಮ್ಯಾಲಿನ ಬಟ್ಟಿ ಎಷ್ಟ್ ತೆಳುವು ಅಂದ್ರ ಮೈಗೆ ಅಂಟಿಕೊಂಡಂಗ ಕಾಣತೈತಿ. ಇತಿಹಾಸದ ಮೇಷ್ಟ್ರು ಅಲ್ಲಿಂದ ಕದಲಿದ್ರ ಕೇಳ್ರಿ.

ಒಂದ ಮಾತು, ದುರಸ್ತಿ ಮುಗಿಸಿ ಮ್ಯೂಸಿಯಂ ಸ್ವಲ್ಪ ಸ್ವಲ್ಪನ ತೆರಿಲಿಕ್ಕತ್ತಾರ. ಬುದ್ಧ ದರ್ಶನಕ್ಕದಾನೋ ಇಲ್ಲೋ ಮೊದ್ಲ ಫೋನ್ ಮಾಡಿ ಕೇಳಿ ಹೋಗ್ರಿ.

ಕುಡ್ಲದ_ಕೆನಾಲ್
ಕಾಲುವೆ ಬೋಟು ಮರೀಬೇಡಿ ಮಾರಾಯ್ರೆ! ಗ್ಯಾಸ್ ಸ್ಟ್ರೀಟ್ ಬೇಸಿನ್ನಿಂದ ಗಂಟೆ ಹೊತ್ತು ಸುತ್ತಿಸ್ತಾರೆ. ಕೂತದ್ದೇ ಕೂತದ್ದು, ಮಂಡಿಗೆ ಕೆಲಸವೇ ಇಲ್ಲ. ವೆನಿಸ್‌ಗಿಂತ ಜಾಸ್ತಿ ಕಾಲುವೆ ಇರುವ ಊರು ಇದು.

ಲೆಕ್ಕದ_ಮೇಷ್ಟ್ರು
ಆ ವೆನಿಸ್ ಮಾತು ಕೇಳಿ ಕೇಳಿ ಸಾಕಾಗಿದೆ. ಇಲ್ಲಿ 35 ಮೈಲಿ, ಅಲ್ಲಿ 26 ಅಂತ ಎಲ್ಲಾ ಕಡೆ ಹೇಳ್ತಾರೆ, ಸರಿ. ಆದ್ರೆ ಬರ್ಮಿಂಗ್‌ಹ್ಯಾಮ್ ಎಷ್ಟು ದೊಡ್ಡದು, ವೆನಿಸ್ ಎಷ್ಟು ಚಿಕ್ಕದು? ವೆನಿಸ್‌ನಲ್ಲಿ ಬಾಗಿಲು ತೆಗೆದ್ರೆ ನೀರು, ಇಲ್ಲಿ ಬಾಗಿಲು ತೆಗೆದ್ರೆ ಪಾರ್ಕಿಂಗ್.

ಕುಡ್ಲದ_ಕೆನಾಲ್
ನೀವು ಒಬ್ರು! ಅತ್ತೆಗೆ ಬೋಟ್ ಸಾಕು, ಅಂಕಗಣಿತ ಬೇಡ.

ಬ್ರಮ್_ಬಸಣ್ಣ
ಇವು ಚಂದಕ್ಕಂತ ತೋಡಿದ ಕಾಲುವೆ ಅಲ್ರಿ, ಕಲ್ಲಿದ್ದಲು ತರಾಕ. ಬ್ರಿಂಡ್ಲಿ ಅನ್ನಾಂವ ತೋಡಿಸಿದ್ದು, 1769ರಾಗ ವೆನ್ಸ್‌ಬರಿ ಗಣಿಯಿಂದ ಮೊದಲ ದೋಣಿ ಊರಿಗೆ ಬಂತು. ಕುದುರಿ ಎಳೀತಿದ್ವು. ಸೇತುವಿ ಮೂಲಿಗೆ ಕಬ್ಬಿಣದ ಪಟ್ಟಿ ಬಡದಿರ್ತಾರ, ಅದರಾಗ ಹಗ್ಗ ಉಜ್ಜಿ ಉಜ್ಜಿ ಬೆರಳು ಹಿಡಿಸೂವಷ್ಟು ಗೀರು ಬಿದ್ದಾವ. ಮಾವಗ ಅದನ್ನ ಮುಟ್ಟಿ ನೋಡಾಕ ಹೇಳ್ರಿ.

ನಂಜನಗೂಡು_ರಸಬಾಳೆ
ಸೆಲ್ಲಿ ಓಕ್ ಅಂದ್ರೆ ಮುಂದಿನ ಸ್ಟೇಷನ್ನೇ ಬೋರ್ನ್‌ವಿಲ್ ಕಣ್ರೀ. ಸ್ಟೇಷನ್ ತುಂಬಾ ಕ್ಯಾಡ್ಬರಿ ನೇರಳೆ ಬಣ್ಣ. ಕ್ಯಾಡ್ಬರಿ ವರ್ಲ್ಡ್ ಮಕ್ಕಳಿದ್ರೆ ಚೆನ್ನ, ದೊಡ್ಡೋರಿಗೆ ಅಷ್ಟಕ್ಕಷ್ಟೆ. ಒಳಗೆ ಫ್ಯಾಕ್ಟರಿ ಓಡೋದು ಕಾಣಿಸುತ್ತೆ ಅಂದ್ಕೊಂಡು ಹೋಗ್ಬೇಡಿ, ಅದು ಪ್ರದರ್ಶನ ಅಷ್ಟೆ. ಅದರ ಬದ್ಲು ಹಳ್ಳೀನ ಸುತ್ತಿ. ಕ್ವೇಕರ್ ಪಂಥದ ಕ್ಯಾಡ್ಬರಿ ಅಣ್ಣತಮ್ಮಂದಿರು 1879ರಲ್ಲಿ ಕಾರ್ಖಾನೆ ಇಲ್ಲಿಗೆ ತಂದ್ರು, ಆಮೇಲೆ ಸುತ್ತ ತೋಟದ ಮನೆಗಳ ಊರು ಕಟ್ಟಿಸಿದ್ರು. ಹೆಂಡದಂಗಡಿ ಇಡ್ಬಾರ್ದು ಅಂತ ಕಟ್ಟಪ್ಪಣೆ, ಇವತ್ತಿಗೂ ಅಲ್ಲಿ ಪಬ್ ಇಲ್ಲ. ಹುಲ್ಲುಹಾಸಿನ ಪಕ್ಕ ಬೆಂಚಿದೆ, ಎದುರಿಗೆ ಕ್ಯಾರಿಲಾನ್ ಗೋಪುರ, ಅದರಲ್ಲಿ ರಾಗ ನುಡಿಸೋ 48 ಗಂಟೆಗಳಿವೆ. ಶನಿವಾರ ನುಡಿಸೋದುಂಟು. ನಿಮ್ಮತ್ತೆಗೆ ಅದೇ ಸರಿ.

ಪ್ಲಾಟ್‌ಫಾರಂ_ಹನ್ನೆರಡು
ನ್ಯೂ ಸ್ಟ್ರೀಟ್ ಸ್ಟೇಷನ್ನಲ್ಲಿ ಬಸವ ಇದಾನೆ, ಅದಕ್ಕೆ ಟಿಕೆಟ್ಟೂ ಬೇಡ. 2022ರ ಕಾಮನ್‌ವೆಲ್ತ್ ಗೇಮ್ಸ್‌ಗೆ ಮಾಡಿದ ಯಂತ್ರದ ಗೂಳಿ. ಜನ ಓಟು ಹಾಕಿ ಓಝಿ ಅಂತ ಹೆಸರಿಟ್ರು. ತಲೆ ಆಡಿಸ್ತಾನೆ, ಕಣ್ಣು ತಿರುಗಿಸ್ತಾನೆ. ನಮ್ಮಮ್ಮ ಬಂದಾಗ ಕೈ ಮುಗಿದು ಪ್ರದಕ್ಷಿಣೆ ಹಾಕೋಕೆ ಹೊರಟ್ರು, ಸೆಕ್ಯುರಿಟಿಯೋನು ನಗ್ತಾ ದಾರಿ ಬಿಟ್ಟ.

ಸಕಲೇಶಪುರ_ಮಂಜು
ಬ್ಯಾಕ್ ಟು ಬ್ಯಾಕ್ಸ್ ಮನೆಗಳು? ನ್ಯಾಷನಲ್ ಟ್ರಸ್ಟ್‌ದು, ಹರ್ಸ್ಟ್ ಸ್ಟ್ರೀಟ್. ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿದ ಕೂಲಿಕಾರರ ವಠಾರ.

ನಂಜನಗೂಡು_ರಸಬಾಳೆ
ಮಂಜು, ಅಲ್ಲಿ ಮೆಟ್ಟಿಲು ನೋಡಿದೀಯಾ? ಸುರುಳಿ ಸುತ್ತಿಕೊಂಡು ಕಡಿದಾಗಿ ಏರುತ್ತೆ, ಒಂದು ಪಾದ ಪೂರ್ತಿ ಊರೋಕೆ ಜಾಗ ಇಲ್ಲ. ಮಂಡಿ ನೋವಿರೋರನ್ನ ಕಳಿಸೋ ಜಾಗಾನ ಅದು? ಮಾವನ್ನ ಒಬ್ರನ್ನೇ ಕಳಿಸ್ಬಹುದು. ಅದೂ ಮುಂಚೆ ಬುಕ್ ಮಾಡಿಸಿ, ಗೈಡ್ ಜೊತೆಗೇ ಒಳಗೆ ಬಿಡೋದು.

ಹಳೇ_ನಾಣ್ಯ
ಸೋಹೋ ಹೌಸ್ ಯಾರೂ ಹೇಳಲ್ಲ ಯಾಕೆ? ಹ್ಯಾಂಡ್ಸ್‌ವರ್ತ್‌ನಲ್ಲಿ ಹಳೇ ಕಾಲದ ಕಾರ್ಖಾನೆ ಯಜಮಾನ ಮ್ಯಾಥ್ಯೂ ಬೋಲ್ಟನ್ ಮನೆ. ಜೇಮ್ಸ್ ವ್ಯಾಟ್, ಪ್ರೀಸ್ಟ್ಲಿ, ಎರಾಸ್ಮಸ್ ಡಾರ್ವಿನ್ ಎಲ್ಲಾ ಇಲ್ಲಿ ಊಟಕ್ಕೆ ಸೇರ್ತಿದ್ರು. ಹುಣ್ಣಿಮೆ ಹತ್ರದ ದಿನವೇ ಸೇರೋದು, ರಾತ್ರಿ ಕುದುರೆ ಮೇಲೆ ವಾಪಸ್ ಹೋಗೋಕೆ ಬೆಳದಿಂಗಳು ಬೇಕಲ್ಲ. ಅದಕ್ಕೇ ಆ ಕೂಟಕ್ಕೆ ಲೂನಾರ್ ಸೊಸೈಟಿ, ಅಂದ್ರೆ ಚಂದ್ರನ ಸಂಘ, ಅಂತ ಹೆಸರು.

ಬೋಲ್ಟನ್‌ನ ಟಂಕಸಾಲೆಯಲ್ಲೇ ಈಸ್ಟ್ ಇಂಡಿಯಾ ಕಂಪನಿಯೋರು ಮದ್ರಾಸ್ ಪ್ರಾಂತ್ಯಕ್ಕೆ ತಾಮ್ರದ ಕಾಸು ಹೊಡೆಸಿದ್ದು. 1808ನೇ ಇಸವಿಯ 10 ಕಾಸಿನ ನಾಣ್ಯ ನನ್ಹತ್ರ ಇದೆ. ಇದನ್ನ ಹೊತ್ತು ಹೊರಟ ಹಡಗು 1809ರಲ್ಲಿ ಇಂಗ್ಲಿಷ್ ಕಡಲಲ್ಲೇ ಮುಳುಗಿತ್ತು. ಮುಳುಗುಗಾರರು ಎತ್ತಿದ ರಾಶಿಯಲ್ಲಿ ಬಂದಿದ್ದು ಇದು. ಒಂದು ಮಗ್ಗುಲಲ್ಲಿ ಕಂಪನಿ ಲಾಂಛನ, ಇನ್ನೊಂದರಲ್ಲಿ ಪಾರ್ಸಿ ಬರಹ. ಮದ್ರಾಸಿಗೆ ಸೇರಬೇಕಾದ ಕಾಸು ಕೊನೆಗೆ ಬರ್ಮಿಂಗ್‌ಹ್ಯಾಮ್‌ನ ನನ್ನ ಡ್ರಾಯರ್‌ಗೇ ವಾಪಸ್ ಬಂತು ನೋಡಿ.

ಸೋಹೋ ಹೌಸ್ ದಿನಾ ತೆರೆದಿರಲ್ಲ, ನೋಡ್ಕೊಂಡು ಹೋಗಿ.

ದಾವಣಗೆರೆ_ಸೊಸೆ
ಅಯ್ಯೋ ಇಷ್ಟೆಲ್ಲಾ ಇದೆಯಾ! ಈ ಥ್ರೆಡ್ ಯಜಮಾನ್ರಿಗೆ ಕಳಿಸ್ದೆ, "ಹ್ಞೂಂ" ಅಂತ ರಿಪ್ಲೈ ಬಂತು. ಊರಾಚೆ ಒಂದು ದಿನಕ್ಕೆ ಹೋಗಿ ಬರೋ ಜಾಗ? ಮತ್ತೆ ಊಟದ್ದು ಹೇಳಿ.

ಬುತ್ತಿ_ಗಂಟು
ಊಟ ಅಂದ್ರೆ ನಾನು. ಬುತ್ತಿ ಕಟ್ಕೊಂಡು ಹೋಗಿ, ಮರ್ಯಾದೆ ಪ್ರಶ್ನೆ ಇಲ್ಲ. ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರನ್ನ. ಇಲ್ಲಿಯೋರೂ ಪಾರ್ಕಿನಲ್ಲಿ ಸ್ಯಾಂಡ್‌ವಿಚ್ ಬಿಚ್ಕೊಂಡು ಕೂತಿರ್ತಾರೆ. ಹೊರಗೆ ತಿನ್ನೋದೇ ಆದ್ರೆ "ವೆಜಿಟೇರಿಯನ್" ನಂಬ್ಬೇಡಿ, ಅದರಲ್ಲಿ ಮೊಟ್ಟೆ ಬರುತ್ತೆ. "ವೀಗನ್" ಅಂತ ಬರೆದಿದ್ರೆ ತಗೊಳ್ಳಿ. ಸ್ಕೋನ್‌ಗೂ ಮೇಲೆ ಮೊಟ್ಟೆ ಸವರೋರು ಇದಾರೆ. ಯಾವ ಹಳ್ಳಿ ಕೆಫೆಗೆ ಹೋದ್ರೂ ಸಿಗೋದು ಜಾಕೆಟ್ ಪೊಟ್ಯಾಟೊ ವಿತ್ ಬೀನ್ಸ್, ಅದೇ ನಮ್ಮ ಅನ್ನಪೂರ್ಣೇಶ್ವರಿ.

ಒಂದು ಎಚ್ಚರಿಕೆ. ಡಡ್ಲಿಯ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂಗೆ ಹೋಗೇ ಹೋಗಿ, ಹಳೇ ಅಂಗಡಿ, ಶಾಲೆ, ಟ್ರಾಂ, ಗಣಿ, ಇಡೀ ಬೀದಿನೇ ತಂದಿಟ್ಟಿದಾರೆ. ಆದ್ರೆ ಅಲ್ಲಿನ ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ ಹಳೇ ಪದ್ಧತಿಯಂತೆ ದನದ ಕೊಬ್ಬಿನಲ್ಲೇ ಕರೀತಾರೆ. ಆಲೂಗಡ್ಡೆ ತಾನೆ ಅಂತ ಬರೀ ಚಿಪ್ಸ್ ಕೊಡಿಸಿಬಿಟ್ಟೀರ!

ದಾವಣಗೆರೆ_ಸೊಸೆ
ರಾಮ ರಾಮ. ಅತ್ತೆಗೆ ಗೊತ್ತಾದ್ರೆ ಆವತ್ತೇ ವಾಪಸ್ ವಿಮಾನ ಹತ್ತೋರು. ತುಂಬಾ ಥ್ಯಾಂಕ್ಸ್.

ಕುಡ್ಲದ_ಕೆನಾಲ್
ಅದೇ ದಾರಿಯಲ್ಲಿ ಟಿವಿಡೇಲ್‌ನ ಬಾಲಾಜಿ ದೇವಸ್ಥಾನ ಉಂಟಲ್ಲ. ಮ್ಯೂಸಿಯಂ ದಿನವೇ ದರ್ಶನವೂ ಆಗ್ತದೆ. 87 ನಂಬರ್ ಬಸ್ಸು ಓಲ್ಡ್‌ಬರಿ ಮೇಲೆ ಡಡ್ಲಿಗೆ ಹೋಗುವಾಗ ಹತ್ತಿರವೇ ಹಾದು ಹೋಗ್ತದೆ. ವೀಕೆಂಡಿಗೆ ಹೋದರೆ ಕ್ಯಾಂಟೀನಿನಲ್ಲಿ ದೋಸೆ ಸಿಗುವುದುಂಟು.

ಸಕಲೇಶಪುರ_ಮಂಜು
ದೋಸೆ ಅಂದ್ರಾ. ದಾವಣಗೆರೆಯೋರ ಮುಂದೆ ದೋಸೆ ಮಾತು ಎತ್ತೋಕೆ ಧೈರ್ಯ ಬೇಕು ರೀ.

ದಾವಣಗೆರೆ_ಸೊಸೆ
ಬೆಣ್ಣೆ ಇಲ್ದಿದ್ರೆ ಅದು ದೋಸೆನೇ ಅಲ್ಲ. ಚರ್ಚೆ ಮುಗೀತು 😄

ಗದ್ಯ_ಪದ್ಯ
ಸ್ಟ್ರಾಟ್‌ಫರ್ಡ್ ಅಪಾನ್ ಏವನ್ ಯಾರೂ ಹೇಳ್ಲಿಲ್ಲ ಅಂದ್ರೆ ಅನ್ಯಾಯ. ಮೂರ್ ಸ್ಟ್ರೀಟ್ ಸ್ಟೇಷನ್ನಿಂದ ಹೆಚ್ಚುಕಮ್ಮಿ ಒಂದು ಗಂಟೆ. ನ್ಯೂ ಸ್ಟ್ರೀಟ್ ಅಲ್ಲ, ಮೂರ್ ಸ್ಟ್ರೀಟ್. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗ್ಬಹುದು. ಟಿಕೆಟ್ ತಗೊಳ್ಳೋವಾಗ ಊರಿನ ಹೆಸರು ಪೂರ್ತಿ ನೋಡಿ, ಬರೀ ಸ್ಟ್ರಾಟ್‌ಫರ್ಡ್ ಅಂದ್ರೆ ಅದು ಲಂಡನ್ನಿಂದು.

ಊರು ಸಮತಟ್ಟು. ಶೇಕ್ಸ್‌ಪಿಯರ್ ಹುಟ್ಟಿದ ಮನೆ ಹೆನ್ಲಿ ಸ್ಟ್ರೀಟಲ್ಲಿದೆ. ಮಹಡಿಗೆ ಮೆಟ್ಟಿಲಿದೆ, ಆದ್ರೆ ಹಿಂದಿನ ತೋಟದಲ್ಲಿ ಆರಾಮಾಗಿ ಕೂರ್ಬಹುದು, ಅಲ್ಲಿ ರವೀಂದ್ರನಾಥ ಟ್ಯಾಗೋರರ ಎದೆಮಟ್ಟದ ಪ್ರತಿಮೆ ಇದೆ. ಕೊನೆಗೆ ನದಿ ದಡದ ಹೋಲಿ ಟ್ರಿನಿಟಿ ಚರ್ಚು. ಹೆಸರಿಟ್ಟಿದ್ದೂ ಅಲ್ಲೇ, ಹೂಳಿದ್ದೂ ಅಲ್ಲೇ. ನನ್ನ ಮೂಳೆ ಕದಲಿಸಿದವನಿಗೆ ಶಾಪ ಅಂತ ಸಮಾಧಿ ಕಲ್ಲಿನ ಮೇಲೆ ಕೆತ್ತಿದೆ. ಮೇಷ್ಟ್ರಿಗೆ ಓದೋಕೆ ಅದು ಸಾಕು.

ಲೆಕ್ಕದ_ಮೇಷ್ಟ್ರು
ಸ್ಟ್ರಾಟ್‌ಫರ್ಡ್ ಪ್ರವಾಸಿಗಳ ಸಂತೆ. ಅರ್ಧ ಜನ ಟೀ ಟವೆಲ್ ಕೊಳ್ಳೋಕೆ ಬಂದೋರು. ಲಿಚ್‌ಫೀಲ್ಡ್‌ಗೆ ಹೋಗಿ. ಸೆಲ್ಲಿ ಓಕ್‌ನಲ್ಲಿ ಹತ್ತಿದ್ರೆ ಬದಲಿಸದೆ ಲಿಚ್‌ಫೀಲ್ಡ್ ಸಿಟಿಯಲ್ಲಿ ಇಳೀಬಹುದು. ಮೂರು ಶಿಖರ ಇರೋ ಮಧ್ಯಯುಗದ ಕ್ಯಾಥೆಡ್ರಲ್ ಇಡೀ ಇಂಗ್ಲೆಂಡಲ್ಲಿ ಇರೋದು ಅದೊಂದೇ. ಇಂಗ್ಲಿಷ್ ನಿಘಂಟಿನ ಸ್ಯಾಮ್ಯುಯೆಲ್ ಜಾನ್ಸನ್ ಹುಟ್ಟಿದ ಮನೆಯೂ ಅಲ್ಲೇ, ಈಗ ಮ್ಯೂಸಿಯಂ. ಗದ್ದಲ ಇಲ್ಲ.

ಗದ್ಯ_ಪದ್ಯ
ಗದ್ದಲ ಇಲ್ಲ ಅಂದ್ರೆ ಮಧ್ಯಾಹ್ನ ಎರಡಕ್ಕೆ ಆಕಳಿಸ್ತಾರೆ ಅಂತಲೂ ಅರ್ಥ.

ಪ್ಲಾಟ್‌ಫಾರಂ_ಹನ್ನೆರಡು
ಕವೆಂಟ್ರಿ ನನ್ನ ಓಟು. ರೈಲಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ. 1940 ನವೆಂಬರ್ 14ರ ರಾತ್ರಿ ಜರ್ಮನ್ನರ ಬಾಂಬಿಗೆ ಸುಟ್ಟ ಕ್ಯಾಥೆಡ್ರಲ್‌ನ ಗೋಡೆಗಳು ಹಾಗೇ ನಿಂತಿವೆ, ಮೇಲೆ ಸೂರಿಲ್ಲ, ಮಳೆ ಬಂದ್ರೆ ನೆನೀತಾ ನೋಡ್ಬೇಕು. ಪಕ್ಕದಲ್ಲೇ ಹೊಸದು, 1962ರಲ್ಲಿ ತೆರೆದಿದ್ದು. ಸುಟ್ಟ ತೊಲೆ ಎರಡನ್ನ ಅಡ್ಡಡ್ಡ ಕಟ್ಟಿ ಮಾಡಿದ ಶಿಲುಬೆ, ಹಿಂದಿನ ಗೋಡೆಯಲ್ಲಿ "ತಂದೆಯೇ ಕ್ಷಮಿಸು" ಅಂತ ಎರಡೇ ಪದ. ಯಾರನ್ನ ಅಂತ ಬರೆದಿಲ್ಲ.

ಸಕಲೇಶಪುರ_ಮಂಜು
ವಾರಿಕ್ ಕ್ಯಾಸಲ್?

ಬುತ್ತಿ_ಗಂಟು
ಟಿಕೆಟ್ ದುಬಾರಿ, ಗೋಪುರ ಹತ್ತಿದ್ರೇನೇ ಮಜಾ. ಮಂಡಿ ಮಂಡಿ ಮಂಡಿ, ಮಂಜು!

ಶ್ರೀರಂಗಪಟ್ಟಣದ_ಕಾವೇರಿ
ಇಷ್ಟು ಹೊತ್ತು ಕಾದೆ, ಯಾರೂ ಹೇಳಲಿಲ್ಲ. ಇತಿಹಾಸದ ಮೇಷ್ಟ್ರು, ಕರ್ನಾಟಕದೋರು ಅಂದಮೇಲೆ ಪೋವಿಸ್ ಕ್ಯಾಸಲ್‌ಗೆ ಕರೆದುಕೊಂಡು ಹೋಗದಿದ್ದರೆ ಹೇಗೆ? ವೇಲ್ಸ್ ಗಡಿ ದಾಟಿ ವೆಲ್ಶ್‌ಪೂಲ್‌ನಲ್ಲಿದೆ. ನ್ಯೂ ಸ್ಟ್ರೀಟ್‌ನಲ್ಲಿ ಅಬರಿಸ್ಟ್‌ವಿತ್ ಕಡೆಯ ರೈಲು ಹತ್ತಿದರೆ ನೇರ, ಒಂದೂವರೆ ಗಂಟೆ.

ಟಿಪ್ಪುವಿನ ಡೇರೆ ಅಲ್ಲಿದೆ. ಬಿಳಿ ಹತ್ತಿ ಬಟ್ಟೆ ಮೇಲೆ ಕಮಾನು, ಕಮಾನಿನೊಳಗೆ ಹೂದಾನಿ, ಕೆಂಪು ಹಸಿರು ಹೂವು. ಬಣ್ಣ ಇವತ್ತಿಗೂ ಮಾಸಿಲ್ಲ. ಇಲ್ಲಿಯ ದೊರೆಮನೆಯವರು ಅದನ್ನು ತೋಟದ ಪಾರ್ಟಿಗೆ ಶಾಮಿಯಾನದ ಹಾಗೆ ಕಟ್ಟುತ್ತಿದ್ದರು! ಟಿಪ್ಪುವಿನ ಸಿಂಹಾಸನದ ಕಟಾಂಜನದ ಮೇಲಿದ್ದ ಚಿನ್ನದ ಹುಲಿ ತಲೆಗಳಲ್ಲಿ ಒಂದೂ ಇದೆ, ಮುಷ್ಟಿಯಲ್ಲಿ ಹಿಡಿಯುವಷ್ಟು, ರತ್ನ ಕೂರಿಸಿದ್ದು. ಕನ್ನಡಿಯಲ್ಲಿ ಹಾಗೇ ಕಣ್ಣು ಬಿಟ್ಟುಕೊಂಡು ಕೂತಿದೆ.

ಇಲ್ಲಿಗೆ ಬಂದದ್ದು ಹೇಗೆ ಅಂದರೆ, 1799 ಮೇ 4ರಂದು ಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ಎಡ್ವರ್ಡ್ ಕ್ಲೈವ್, ಪ್ಲಾಸಿಯ ಕ್ಲೈವನ ಮಗ. ಅವನ ಹೆಂಡತಿ ಹೆನ್ರಿಯೆಟಾಳ ತವರು ಪೋವಿಸ್. ಮರುವರ್ಷ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮದ್ರಾಸಿನಿಂದ ಹೊರಟು ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲಾ ನೋಡಿ ಬಂದಳು. ಕಿರಿಯವಳು ಷಾರ್ಲಟ್, ಹನ್ನೆರಡರ ಹುಡುಗಿ, ದಿನಚರಿ ಬರೆದಿಟ್ಟಳು. ಮುಂದೆ ವಿಕ್ಟೋರಿಯಾ ರಾಣಿ ಚಿಕ್ಕವಳಿದ್ದಾಗ ಗವರ್ನೆಸ್ ಆದದ್ದೂ ಇವಳೇ.

ಹಳೇ_ನಾಣ್ಯ
ಕನ್ನಡಿ ಅಲ್ಲ, ಗಾಜಿನ ಪೆಟ್ಟಿಗೆ ಕಾವೇರಿಯವ್ರೇ 🙂 ಅದೇ ಸಿಂಹಾಸನದ ದೊಡ್ಡ ಹುಲಿ ತಲೆ ಮತ್ತೆ ಹುಮಾ ಪಕ್ಷಿ ಇಲ್ಲಿನ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಆ ಸೋಲ್ಜರ್ ಮೇಲೆ ಕೂತ ಮರದ ಹುಲಿ ಲಂಡನ್ನಿನ ವಿ ಅಂಡ್ ಎ ಮ್ಯೂಸಿಯಂನಲ್ಲಿ. ಒಬ್ಬ ದೊರೆಯ ಸಾಮಾನು ನೋಡೋಕೆ ಎಷ್ಟು ರೈಲು ಹತ್ಬೇಕು ನೋಡಿ.

ಕತ್ತಿ_ಗುರಾಣಿ
ಲೂಟಿ ಮಾಡಿದ ಮಾಲು ನೋಡೋಕೆ ನಾವೇ ದುಡ್ಡು ಕೊಟ್ಟು ಹೋಗ್ಬೇಕಾ? ನಾಚಿಕೆಗೇಡು.

ಪ್ಲಾಟ್‌ಫಾರಂ_ಹನ್ನೆರಡು
ಹೋಗದೆ ಇದ್ರೆ ವಾಪಸ್ ಬರುತ್ತಾ?

ಕತ್ತಿ_ಗುರಾಣಿ
ಅಲ್ಲ ಸ್ವಾಮಿ, ಅಷ್ಟಕ್ಕೂ ಟಿಪ್ಪುನೇ ಯಾಕೆ ಮೆರೆಸ್ಬೇಕು? ಕೊಡಗಲ್ಲಿ ಏನ್ಮಾಡಿದ ಅಂತ

ಕಟ್ಟೆ_ಕಾವಲು (ಮಾಡರೇಟರ್)
ಬಂತು. ಟಿಪ್ಪು ಜಗಳಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ನಾನೂರು ಚಿಲ್ಲರೆ ಕಾಮೆಂಟ್ ಆಗಿದೆ, ಇನ್ನೊಂದು ಸೇರಿಸಿ. ಇಲ್ಲಿ ರೈಲು, ಮಂಡಿ, ಊಟ ಮಾತ್ರ.

ಶ್ರೀರಂಗಪಟ್ಟಣದ_ಕಾವೇರಿ
ಮಂಡಿ ವಿಷಯ ಹೇಳುತ್ತೇನೆ. ಸ್ಟೇಷನ್ನಿಂದ ಒಂದು ಮೈಲಿ, ಏರು ದಾರಿ. ಟ್ಯಾಕ್ಸಿ ಮಾಡಿ. ಕೋಟೆಯ ತೋಟ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ, ಅತ್ತೆ ಮೇಲಿನ ಹಂತದಲ್ಲೇ ಕೂತು ನೋಡಲಿ, ಅಲ್ಲಿಂದಲೇ ಕಣಿವೆ ಚೆನ್ನಾಗಿ ಕಾಣುವುದು. ಒಳಗೆ ಎಲ್ಲಿ ಎಷ್ಟು ಮೆಟ್ಟಿಲು ಅಂತ ಮುಂಚೆ ಫೋನ್ ಮಾಡಿ ಕೇಳಿ. ರೈಲು ಸುಮಾರು ಎರಡು ಗಂಟೆಗೊಂದು, ವಾಪಸ್ ರೈಲಿನ ಹೊತ್ತು ಬರೆದಿಟ್ಟುಕೊಳ್ಳಿ.

ಬುತ್ತಿ_ಗಂಟು
ಹೌದು, ತಪ್ಪಿಸಿಕೊಂಡ್ರೆ ಕತೆ ಅಷ್ಟೆ. ಹೆಸರು ಬೇಡ, ಒಂದು ಕಂಪನಿ ರೈಲು ಕ್ಯಾನ್ಸಲ್ ಆಗಿ ನಮ್ಮಪ್ಪ ಅಮ್ಮ ಚಳೀಲಿ ಬೆಂಚಿನ ಮೇಲೆ ಕೂತು ಉಳಿದ ಚಟ್ನಿಪುಡಿ ಖಾಲಿ ಮಾಡಿದ್ರು. ಬುತ್ತಿ ಇಬ್ರಿಗೆ ಬೇಕಾದ್ರೆ ಮೂವರಿಗಾಗೋಷ್ಟು ಕಟ್ಟಿ.

ಎಜ್‌ಬಾಸ್ಟನ್_ಕಟ್ಟೆ
ಕ್ರಿಕೆಟ್ ಬಿಟ್ಟು ಇಷ್ಟುದ್ದ ಥ್ರೆಡ್? ಎಜ್‌ಬಾಸ್ಟನ್ ಗ್ರೌಂಡ್ ಸೆಲ್ಲಿ ಓಕ್‌ನಿಂದ ಕೂಗಳತೆ. 1994ರಲ್ಲಿ ಲಾರಾ 501 ಹೊಡೆದ ಜಾಗ. ಇಂಡಿಯಾ ಅಲ್ಲಿ ಟೆಸ್ಟ್ ಗೆದ್ದಿದ್ದು 2025ರ ಜುಲೈನಲ್ಲೇ ಮೊದಲು, ಗಿಲ್ 269 ಮತ್ತು 161, ಆಕಾಶ್ ದೀಪ್ 10 ವಿಕೆಟ್. ಮಾವ ಕ್ರಿಕೆಟ್ ನೋಡ್ತಾರಾ?

ದಾವಣಗೆರೆ_ಸೊಸೆ
ಮಾವ ವಿಶ್ವನಾಥ್ ರಿಟೈರ್ ಆದ್ಮೇಲೆ ನೋಡೋದು ಬಿಟ್ರಂತೆ.

ಎಜ್‌ಬಾಸ್ಟನ್_ಕಟ್ಟೆ
ದೊಡ್ಡ ಮನುಷ್ಯ. ನಮಸ್ಕಾರ ತಿಳಿಸಿ.

ಬ್ರಮ್_ಬಸಣ್ಣ
ಲಂಡನ್ ಹೋದಾಗ ಥೇಮ್ಸ್ ದಂಡಿಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಾಗ ಬಸವಣ್ಣನ ಮೂರ್ತಿ ಐತ್ರಿ, 2015 ನವೆಂಬರ್ 14ಕ್ಕ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಲಂಡನ್ ಐ ಬಿಟ್ರೂ ಅದನ್ನ ಬಿಡಬ್ಯಾಡ್ರಿ.

ದಾವಣಗೆರೆ_ಸೊಸೆ
ಅದನ್ನ ಮಾವ ವೀಸಾ ಬರೋ ಮುಂಚೆನೇ ಪಟ್ಟಿಗೆ ಹಾಕಿದಾರೆ ಅಣ್ಣ 🙏

ಸದ್ಯಕ್ಕೆ ಹೀಗೆ ಅಂದ್ಕೊಂಡೆ: ಮೊದಲ ವಾರ ಬೋರ್ನ್‌ವಿಲ್ ಮತ್ತೆ ಮ್ಯೂಸಿಯಂ, ಬಿಸಿಲು ನೋಡ್ಕೊಂಡು ಬೋಟು. ಬಾಲಾಜಿ ಗುಡಿ ಶನಿವಾರ. ಕವೆಂಟ್ರಿ ಒಂದು ದಿನ. ಪೋವಿಸ್ ವಿಷಯ ನಿನ್ನೆ ಫೋನಲ್ಲಿ ಮಾವನಿಗೆ ಹೇಳ್ದೆ ಅಷ್ಟೆ, 1799ರ ಪಾಠ ಶುರುವಾಯ್ತು, ಅತ್ತೆ ಹಿಂದಿಂದ "ಬಿಲ್ ಬರ್ತತಿ, ಇಡ್ರೀ ಫೋನು" ಅಂತಿದ್ರು. ಅದಕ್ಕೆ ಯಜಮಾನ್ರೂ ರಜೆ ಹಾಕಿದಾರೆ! ಟಿಕೆಟ್ ಮಾತ್ರ ಜಾಸ್ತಿ ಕಾಣ್ತಿದೆ. ಮಾವನಿಗೆ 71, ಇಲ್ಲಿ ಹಿರಿಯರ ಬಸ್ ಪಾಸ್ ಸಿಗುತ್ತಾ?

ಪ್ಲಾಟ್‌ಫಾರಂ_ಹನ್ನೆರಡು
ಬಸ್ ಪಾಸ್ ಇಲ್ಲಿ ವಾಸ ಇರೋರಿಗೆ ಮಾತ್ರ. ರೈಲಿಗೆ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿ, 60 ದಾಟಿದ್ರೆ ಸಾಕು, ಪಾಸ್‌ಪೋರ್ಟ್ ತೋರಿಸಿ. ಮೂರನೇ ಒಂದು ಭಾಗ ಕಡಿಮೆ. ಇಲ್ಲಾಂದ್ರೆ ಗ್ರೂಪ್‌ಸೇವ್: ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದ್ರೆ ಅಷ್ಟೇ ಕಡಿತ, ಕಾರ್ಡೂ ಬೇಡ. ಬೆಳಗ್ಗೆ ಆಫೀಸ್ ಹೊತ್ತಿನ ರೈಲಿಗೆ ನಡೆಯಲ್ಲ. ಎರಡನ್ನೂ ಸೇರಿಸೋಕೂ ಆಗಲ್ಲ.

ನಂಜನಗೂಡು_ರಸಬಾಳೆ
ಪೋವಿಸ್ ಯಾವತ್ತು? ನಾವೂ ನೋಡಿಲ್ಲ, ಬರ್ಬಹುದಾ? ನಾವು ನಾಲ್ಕು ಜನ.

ಬುತ್ತಿ_ಗಂಟು
ನಾವಿಬ್ರು. ಪುಳಿಯೋಗರೆ ನಂದು.

ದಾವಣಗೆರೆ_ಸೊಸೆ
ಬನ್ನಿ ಬನ್ನಿ! 23ನೇ ತಾರೀಖು. ನಾವು ನಾಲ್ಕು, ಒಟ್ಟು ಹತ್ತು. ಒಂಬತ್ತೇ ಅಂದ್ರಲ್ಲ, ಒಬ್ರಿಗೆ ಪೂರ್ತಿ ದುಡ್ಡಾ?

ಲೆಕ್ಕದ_ಮೇಷ್ಟ್ರು
ಐದೈದು ಜನರ ಎರಡು ಟಿಕೆಟ್ ಮಾಡಿಸಿ.